ಬೇರೊಬ್ಬರ ಹೆಸರಿನ ಅಂಗಡಿ

ದಾಂಡೇಲಿಯ ಕೋಗಿಲಬನದಲ್ಲಿ ನಿಂತು ‘ನಿಮ್ಮ ಮೂಲ ಊರು ಯಾವುದು?’ ಎಂದು ಕೇಳಿದರೆ, ‘ಇದೇ ಊರು’ ಎನ್ನುವವರಿಗಿಂತ ಬೇರೆ ಊರಿನ ಹೆಸರು ಹೇಳುವವರೇ ಹೆಚ್ಚು ಸಿಗುತ್ತಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯೂ ಅದಕ್ಕೂ ಹಿಂದಿನ ಕಟ್ಟಿಗೆಯ ವ್ಯವಹಾರವೂ ಕಾಳಿ ನದಿಯ ಈ ದಂಡೆಗೆ ಗೋವೆಯವರನ್ನು, ಮಲೆಯಾಳಿಗಳನ್ನು, ತೆಲುಗರನ್ನು, ಮರಾಠಿಗರನ್ನು, ಬಯಲುಸೀಮೆಯ ಕನ್ನಡಿಗರನ್ನು ಕರೆತಂದವು. ಹಾಗೆ ಬಂದವನೊಬ್ಬನು ದುಡಿದು ನಾಲ್ಕು ಕಾಸು ಕೂಡಿಟ್ಟು ಕಿರಾಣಿ ಅಂಗಡಿ ತೆರೆದರೆ, ಅಂಗಡಿಯ ಪರವಾನಗಿ ಅವನ ಹೆಸರಿನಲ್ಲಿಯೇ ಇರುತ್ತಿತ್ತು. ಇದರಲ್ಲಿ ವಿಶೇಷವೇನು ಎಂದು ನೀವು ಕೇಳಬಹುದು. ಇದೇ ಜಿಲ್ಲೆಯಿಂದ, ನೆರೆಯ ಉಡುಪಿ ಮಂಗಳೂರುಗಳಿಂದ ಅರಬ್ಬಿ ಸಮುದ್ರವನ್ನು ದಾಟಿ ಕುವೈತ್, ಬಹರೈನ್, ಕತಾರ್, ದುಬೈ, ಅಬುಧಾಬಿಗಳಲ್ಲಿ ಅಂಗಡಿಯಿಟ್ಟ ನಮ್ಮವರ ಚರಿತ್ರೆಯನ್ನು ನೋಡಿದಾಗ ಈ ಸಾಮಾನ್ಯ ಸಂಗತಿಯೇ ವಿಶೇಷವಾಗಿ ತೋರುತ್ತದೆ.

ಅಲ್ಲಿಯ ಸಂಬಂಧ ಎಣ್ಣೆಯಿಂದ ಆರಂಭವಾದುದಲ್ಲ. ನಮ್ಮ ಮಾತಿನಲ್ಲಿಯೇ ಅದರ ಗುರುತುಗಳಿವೆ. ಅಸಲು, ಬಾಕಿ, ಕರಾರು, ದಲ್ಲಾಳಿ, ವಕೀಲ, ಜಾಮೀನು: ಕನ್ನಡದ ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ದಿನನಿತ್ಯ ಕೇಳುವ ಈ ಪದಗಳೆಲ್ಲವೂ ಮೂಲದಲ್ಲಿ ಅರಬ್ಬಿಯವು. ನಮ್ಮ ಜಿಲ್ಲೆಯ ಭಟ್ಕಳದ ನವಾಯತರು ತಮ್ಮ ಪೂರ್ವಜರು ಅರಬ್ ವರ್ತಕರೆಂದು ಹೇಳಿಕೊಳ್ಳುತ್ತಾರೆ. ಅವರ ಮಕ್ಕಳು ಮೊಮ್ಮಕ್ಕಳು ದುಬೈಯಲ್ಲಿ ವ್ಯಾಪಾರಕ್ಕೆ ನಿಂತದ್ದು ಒಂದು ರೀತಿಯಲ್ಲಿ ಹಳೆಯ ದಾರಿಯ ಹಿಂದಿರುಗುವಿಕೆಯೇ ಆಗಿದೆ. ಅದೇ ಸಮುದ್ರವು ಇನ್ನೊಂದು ಬಗೆಯ ಜನರನ್ನೂ ತಂದಿತು. ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಬಂಧುಗಳ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಬಹಳ ಮಂದಿ ಬಂದದ್ದು ವರ್ತಕರಾಗಿ ಅಲ್ಲ, ವರ್ತಕರ ಸರಕಾಗಿ.

ಬಹರೈನಿನಲ್ಲಿ 1932ರಲ್ಲಿ, ಕುವೈತಿನಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತು. ಕುವೈತಿನ ಎಣ್ಣೆ 1946ರಲ್ಲಿ, ಕತಾರಿನದು 1949ರಲ್ಲಿ, ಅಬುಧಾಬಿಯದು 1962ರಲ್ಲಿ ಹಡಗೇರಿತು. ಆಗ ಆ ಪುಟ್ಟ ನಾಡುಗಳಲ್ಲಿ ಲೆಕ್ಕ ಬರೆಯುವವರೂ ಟೈಪು ಮಾಡುವವರೂ ಯಂತ್ರ ನಡೆಸುವವರೂ ಸಾಕಷ್ಟಿರಲಿಲ್ಲ. ಬ್ರಿಟಿಷರ ರಕ್ಷಣೆಯಲ್ಲಿದ್ದ ಆ ನಾಡುಗಳಿಗೆ ಮುಂಬಯಿ ಹತ್ತಿರದ ಪಟ್ಟಣವಾಗಿತ್ತು. ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳು ಓಡುತ್ತಿದ್ದವು. ಅವುಗಳಲ್ಲಿ ಕೊನೆಯದಾದ ‘ದ್ವಾರಕಾ’ 1982ರವರೆಗೂ ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುವ ಪ್ರಯಾಣಿಕರನ್ನು ಹೊತ್ತು ಸಾಗಿತು. ಹಣವೂ ನಮ್ಮದೇ ಆಗಿತ್ತು. ಭಾರತದ ರೂಪಾಯಿ ಅಲ್ಲಿ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆ ಮಿತಿಮೀರಿದಾಗ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಿತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರನ್ನು ತಂದವು. 1966ರ ಜೂನ್ 6ರಂದು ನಮ್ಮ ಸರಕಾರ ರೂಪಾಯಿಯ ಬೆಲೆಯನ್ನು ಇಳಿಸಿ, ಡಾಲರಿಗೆ 4.76ರಷ್ಟಿದ್ದುದನ್ನು 7.50 ಮಾಡಿದಾಗ ಉಳಿದ ನಾಡುಗಳೂ ರೂಪಾಯಿಯನ್ನು ಕೈಬಿಟ್ಟವು. ಅಲ್ಲಿ ದುಡಿಯುತ್ತಿದ್ದವನಿಗೆ ಅಂದಿನಿಂದ ತನ್ನ ಸಂಬಳ ಪರದೇಶದ ಹಣವಾಯಿತು. ಊರಿಗೆ ಕಳಿಸಿದಾಗ ಅದು ಉಬ್ಬುತ್ತಿತ್ತು ಎಂಬುದು ಬೇರೆ ಮಾತು. ಆ ಉಬ್ಬಿನಿಂದಲೇ ಕರಾವಳಿಯಲ್ಲಿ ಎಷ್ಟೋ ಹಂಚಿನ ಮನೆಗಳು ತಾರಸಿ ಮನೆಗಳಾದವು.

ಈಗ ಅಂಗಡಿಯ ವಿಷಯಕ್ಕೆ ಬರೋಣ. ಕೊಲ್ಲಿ ನಾಡಿಗೆ ಕೆಲಸಕ್ಕೆ ಹೋಗುವವನಿಗೆ ‘ಕಫೀಲ’ ಬೇಕು. ಕಫೀಲನೆಂದರೆ ಜಾಮೀನುದಾರ. ಇಸ್ಲಾಮೀ ಸಂಪ್ರದಾಯದಲ್ಲಿ ಅದು ಗೌರವದ ಶಬ್ದ. ಅನಾಥ ಮಗುವಿನ ಹೊಣೆ ಹೊರುವುದಕ್ಕೂ ಅದೇ ಮೂಲದ ಮಾತನ್ನು ಬಳಸುತ್ತಾರೆ. ಆದರೆ ‘ಕಫಾಲಾ’ ಎಂದು ಇಂದು ಕರೆಯಲಾಗುವ ವ್ಯವಸ್ಥೆಗೆ ಧರ್ಮಶಾಸ್ತ್ರಕ್ಕಿಂತ ಹತ್ತಿರದ ಮೂಲವೊಂದಿದೆಯೆಂದು ಇತಿಹಾಸಕಾರರು ತೋರಿಸಿದ್ದಾರೆ. 1920ರ ದಶಕದಲ್ಲಿ ಬಹರೈನಿನ ಮುತ್ತಿನ ವ್ಯಾಪಾರಕ್ಕೆ ಹೊರಗಿನಿಂದ ಬರುವ ಮುಳುಗುಗಾರರ ಮೇಲೆ ಕಣ್ಣಿಡಲು ಬೇಕಾದ ಸಿಬ್ಬಂದಿ ಬ್ರಿಟಿಷ್ ಅಧಿಕಾರಿಗಳ ಬಳಿ ಇರಲಿಲ್ಲ. ಆದ್ದರಿಂದ ಪ್ರತಿಯೊಬ್ಬ ಪರದೇಶಿಗೂ ಸ್ಥಳೀಯನೊಬ್ಬನು ಹೊಣೆಯಾಗಲಿ ಎಂಬ ಅಗ್ಗದ ಉಪಾಯವನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಜಪಾನಿನ ಕೃಷಿ ಮುತ್ತುಗಳು ಮಾರುಕಟ್ಟೆಗೆ ಬಂದು ಮುತ್ತಿನ ವ್ಯಾಪಾರ ಕುಸಿಯಿತು. ಮುತ್ತು ಹೋಯಿತು, ಎಣ್ಣೆ ಬಂತು, ಜಾಮೀನು ಮಾತ್ರ ಉಳಿಯಿತು.

ಈ ಜಾಮೀನಿನ ಕೆಳಗೆ ನೌಕರನ ಸ್ಥಿತಿ ಹೇಗಿರುತ್ತದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು: ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವಂತಿಲ್ಲ, ಕೆಲವು ನಾಡುಗಳಲ್ಲಿ ದೇಶ ಬಿಡುವಂತೆಯೂ ಇಲ್ಲ, ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿ. ಇದರ ಬಗ್ಗೆ ಬಹಳ ಬರೆಯಲಾಗಿದೆ. ಅಂಗಡಿಕಾರನ ಸ್ಥಿತಿಯ ಬಗ್ಗೆ ಅಷ್ಟು ಬರೆದಿಲ್ಲ. ಕುವೈತಿನ 1960ರ ಕಂಪನಿ ಕಾನೂನು, ವ್ಯಾಪಾರ ಸಂಸ್ಥೆಯಲ್ಲಿ ನೂರಕ್ಕೆ 51 ಪಾಲು ಆ ದೇಶದವರದೇ ಆಗಿರಬೇಕೆಂದು ವಿಧಿಸಿತು. ಸಂಯುಕ್ತ ಅರಬ್ ಸಂಸ್ಥಾನದ 1984ರ ಕಾನೂನೂ ಅದನ್ನೇ ಹೇಳಿತು. ಇದರಲ್ಲಿ ಅನ್ಯಾಯವೇ ಇತ್ತೆಂದು ಹೇಳಲಾರೆ. ಹೊರಗಿನವರ ಸಂಖ್ಯೆ ತಮ್ಮನ್ನು ಮೀರಿದ ಪುಟ್ಟ ಸಮಾಜವೊಂದು ತನ್ನ ಪೇಟೆಯಾದರೂ ತನ್ನ ಕೈಯಲ್ಲಿರಲಿ ಎಂದು ಬಯಸುವುದು ಸಹಜ. ಹೊರಗಿನವರಿಗೆ ನಾವೂ ಎಲ್ಲವನ್ನೂ ಕೊಟ್ಟವರಲ್ಲ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೇಟಿಯನ್ ನಿರಾಶ್ರಿತರನ್ನು ನೋಡಿ. ಕಾಡು ಕಡಿದು ಹೊಲ ಮಾಡಿದರು, ಮಠಗಳನ್ನು ಕಟ್ಟಿದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರಿ ಬದುಕಿದರು. ಆದರೂ ಆ ನೆಲ ಅವರಿಗೆ ಗುತ್ತಿಗೆಯದೇ ಹೊರತು ಒಡೆತನದ್ದಲ್ಲ. ಪರದೇಶೀಯರೆಂಬ ನೋಂದಣಿ ಪತ್ರವನ್ನು ಅವರು ನವೀಕರಿಸುತ್ತಲೇ ಇರಬೇಕು.

ಆದರೆ ಕಾನೂನು ಒಂದು ಹೇಳಿದರೆ ಪೇಟೆ ಇನ್ನೊಂದನ್ನು ಮಾಡುತ್ತದೆ. ಕಾಗದದ ಮೇಲೆ 51 ಪಾಲು ಸ್ಥಳೀಯನದು, ಕೆಲವೊಮ್ಮೆ ಇಡೀ ಪರವಾನಗಿಯೇ ಅವನದು. ಬಂಡವಾಳ, ದುಡಿಮೆ, ನಷ್ಟ ಎಲ್ಲವೂ ಪರದೇಶಿಯದು. ಸ್ಥಳೀಯನಿಗೆ ವರ್ಷಕ್ಕಿಷ್ಟು ಎಂದು ಹಣ ಸಲ್ಲುತ್ತದೆ. ಇಬ್ಬರ ನಡುವೆ ಇನ್ನೊಂದು ಒಳ ಒಪ್ಪಂದ, ಅದು ಪೆಟ್ಟಿಗೆಯೊಳಗೆ. ಅರಬ್ಬಿಯಲ್ಲಿ ಈ ಮರೆಮಾಚುವಿಕೆಗೆ ‘ತಸತ್ತುರ್’ ಎನ್ನುತ್ತಾರೆ. ಹೋಟೆಲು, ದರ್ಜಿ ಅಂಗಡಿ, ಗ್ಯಾರೇಜು, ‘ಬಕಾಲಾ’ ಎಂಬ ದಿನಸಿ ಅಂಗಡಿ, ಹೀಗೆ ಸಾವಿರಾರು ಸಣ್ಣ ವ್ಯಾಪಾರಗಳು ಈ ನಂಬಿಕೆಯ ಮೇಲೆ ನಿಂತವು. ಬಹುಪಾಲು ನಂಬಿಕೆಗಳು ಉಳಿದವು ಎಂಬುದನ್ನೂ ಹೇಳಬೇಕು. ಆ ಅರಬ್ ಕುಟುಂಬಗಳು ತಮ್ಮ ಮಾತಿಗೆ ನಿಲ್ಲದೆ ಹೋಗಿದ್ದರೆ ಈ ಪದ್ಧತಿ ಇಷ್ಟು ಕಾಲ ಬಾಳುತ್ತಿರಲಿಲ್ಲ. ಆದರೆ ಕಫೀಲನು ತೀರಿಕೊಂಡು ಅವನ ಮಕ್ಕಳು ಬಂದು ‘ಅಂಗಡಿ ನಮ್ಮ ತಂದೆಯದು’ ಎಂದರೆ, ಪೆಟ್ಟಿಗೆಯೊಳಗಿನ ಕಾಗದವನ್ನು ತೆಗೆದುಕೊಂಡು ನ್ಯಾಯಾಲಯಕ್ಕೆ ಹೋಗುವ ಧೈರ್ಯ ಯಾರಿಗಿದ್ದೀತು? ಅದನ್ನು ತೋರಿಸುವುದೆಂದರೆ ತನ್ನ ಕಾನೂನುಭಂಗವನ್ನು ತಾನೇ ತೋರಿಸಿದಂತೆ.

ಪೆಟ್ಟಿಗೆಯೊಳಗಿನ ಆ ಕಾಗದಗಳು ಒಮ್ಮೆ ಜಗತ್ತಿನ ಮುಂದೆಯೇ ತೆರೆದುಕೊಂಡವು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಭಾರತೀಯರು ಸುಮಾರು 1.7 ಲಕ್ಷ. ಬಸ್ರಾ, ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದ ಇವರನ್ನು ಏರ್ ಇಂಡಿಯಾ 59 ದಿನಗಳಲ್ಲಿ 488 ವಿಮಾನ ಯಾತ್ರೆಗಳ ಮೂಲಕ ಮುಂಬಯಿಗೆ ತಂದಿತು. ಈ ಸಾಹಸವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕಾದುದೇ. ಆದರೆ ವಿಮಾನದಲ್ಲಿ ಅಂಗಡಿ ಬರುವುದಿಲ್ಲ. ಆಕ್ರಮಣಕಾರರು ಕುವೈತಿನ ದಿನಾರನ್ನು ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಇರಾಕಿ ದಿನಾರಿಗೆ ಸಮವೆಂದು ಸಾರಿದ್ದರು. ಇಪ್ಪತ್ತು ವರ್ಷದ ಉಳಿತಾಯ ಕೆಲವೇ ವಾರಗಳಲ್ಲಿ ಕರಗಿತು, ಮಳಿಗೆಗಳು ಲೂಟಿಯಾದವು.

1991ರಲ್ಲಿ ವಿಶ್ವಸಂಸ್ಥೆಯು ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿತು. ಇರಾಕಿನ ಎಣ್ಣೆಯ ಆದಾಯದ ಒಂದು ಪಾಲಿನಿಂದ ನೊಂದವರಿಗೆ ಹಣ ಕೊಡುವುದು ಅದರ ಕೆಲಸ. ಬಂದ ಅರ್ಜಿಗಳು ಸುಮಾರು 27 ಲಕ್ಷ. ಕುವೈತನ್ನು ಬಿಟ್ಟು ಓಡಬೇಕಾದ ಒಬ್ಬೊಬ್ಬ ವ್ಯಕ್ತಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000 ಡಾಲರ್ ಎಂದು ಗೊತ್ತುಮಾಡಲಾಯಿತು. ಅದಕ್ಕೆ ಹೆಚ್ಚಿನ ಪುರಾವೆ ಬೇಕಾಗಿರಲಿಲ್ಲ, ಓಡಿದ್ದೇ ಸಾಕ್ಷಿ. ಕಷ್ಟವೆದ್ದದ್ದು ವ್ಯಾಪಾರದ ನಷ್ಟವನ್ನು ಲೆಕ್ಕ ಹಾಕುವಾಗ. ಒಂದೇ ಅಂಗಡಿಗೆ ಎರಡು ಅರ್ಜಿಗಳು: ಒಂದು ಪರವಾನಗಿ ಹೊಂದಿದ್ದ ಕುವೈತಿಯದು, ಇನ್ನೊಂದು ಅದನ್ನು ನಡೆಸುತ್ತಿದ್ದ ಪರದೇಶೀಯನದು. ‘ಪರವಾನಗಿ ಬಾಡಿಗೆ’ ಎಂಬ ಹೆಸರಿನಲ್ಲಿಯೇ ಈ ಪದ್ಧತಿ ಆಯೋಗದ ಕಡತಗಳಲ್ಲಿ ದಾಖಲಾಗಿದೆ. ಆಯೋಗದವರು ಬರಿಯ ಹೆಸರನ್ನು ನೋಡಿ ಕೈತೊಳೆದುಕೊಳ್ಳಲಿಲ್ಲ. ಬಂಡವಾಳ ಹಾಕಿದವರು ಯಾರು, ನಡೆಸಿದವರು ಯಾರು ಎಂದು ವಿಚಾರಿಸಿದರು. ಆಗ ಬೆಲೆ ಬಂದದ್ದು ಯಾವುದಕ್ಕೆ ಗೊತ್ತೇ? ಸರಕಿನ ರಸೀದಿ, ಬಾಡಿಗೆಯ ಚೀಟಿ, ಲೆಕ್ಕದ ಪುಸ್ತಕ, ಇಂಥವಕ್ಕೆ. ಪ್ರಾಣ ಉಳಿದರೆ ಸಾಕೆಂದು ಓಡಿದವರಲ್ಲಿ ಲೆಕ್ಕದ ಪುಸ್ತಕವನ್ನು ಹೊತ್ತು ತಂದವರೆಷ್ಟು ಮಂದಿ? ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಕೊಡುವಷ್ಟರಲ್ಲಿ 2022ನೆಯ ಇಸವಿ ಬಂದಿತ್ತು. ಸಾಮಾನ್ಯರ ಸಣ್ಣ ಅರ್ಜಿಗಳನ್ನು ಮೊದಲು ಮುಗಿಸಿ, ದೊಡ್ಡ ಕಂಪನಿಗಳನ್ನೂ ಸರಕಾರಗಳನ್ನೂ ಹಿಂದಕ್ಕೆ ನಿಲ್ಲಿಸಿದ್ದು ಆಯೋಗದ ದೊಡ್ಡ ಗುಣ. ಇಂಥ ಸರದಿ ಲೋಕದಲ್ಲಿ ಅಪರೂಪ.

ಬೇರೊಬ್ಬರ ನಾಡಿನಲ್ಲಿ ಏರಿದವರ ಕತೆಯೂ ಇದೆ. ಕಾಪುವಿನ ಬಿ. ಆರ್. ಶೆಟ್ಟಿಯವರು 1973ರಲ್ಲಿ ಅಬುಧಾಬಿಗೆ ಹೋಗಿ ಔಷಧ ಮಾರುತ್ತ ಮನೆಬಾಗಿಲುಗಳನ್ನು ಸುತ್ತಿದರು. 1975ರಲ್ಲಿ ಚಿಕಿತ್ಸಾಲಯವೊಂದನ್ನು ತೆರೆದರು. ಅವರ ವೈದ್ಯ ಪತ್ನಿಯೇ ಅಲ್ಲಿಯ ಮೊದಲ ವೈದ್ಯೆ. ಊರಿಗೆ ಹಣ ಕಳಿಸುವ ನಮ್ಮವರ ಸರದಿಯನ್ನು ಕಂಡು ಹಣ ರವಾನೆಯ ಸಂಸ್ಥೆಯನ್ನೂ ಬೆಳೆಸಿದರು. 2009ರಲ್ಲಿ ಪದ್ಮಶ್ರೀ, 2012ರಲ್ಲಿ ಲಂಡನ್ನಿನ ಷೇರು ಪೇಟೆ. 2020ರಲ್ಲಿ ಆ ಆಸ್ಪತ್ರೆ ಸಂಸ್ಥೆಯಲ್ಲಿ 400 ಕೋಟಿ ಡಾಲರಿಗೂ ಮೀರಿದ, ಬಹಿರಂಗಪಡಿಸದ ಸಾಲ ಕಂಡುಬಂದು ಅದು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ಹೊಣೆ ಯಾರದೆಂಬ ವಾದ ಹಲವು ದೇಶಗಳ ನ್ಯಾಯಾಲಯಗಳಿಗೆ ಹೋಗಿದೆ. ತಮಗೆ ಮೋಸವಾಯಿತೆಂದು ಶೆಟ್ಟಿಯವರು ಹೇಳಿದ್ದಾರೆ. ಅದರ ತೀರ್ಮಾನ ಈ ಪುಟಗಳ ಕೆಲಸವಲ್ಲ. ದೊಡ್ಡವರ ಕುಸಿತ ಪತ್ರಿಕೆಗಳಲ್ಲಿ ಬರುತ್ತದೆ, ಬಕಾಲಾದವನ ಕುಸಿತ ಮನೆಯವರಿಗಷ್ಟೇ ಗೊತ್ತಾಗುತ್ತದೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಹೆಸರಿನ ಈ ಪ್ರಶ್ನೆಯಿಂದ ನಮ್ಮ ಧರ್ಮಸಭೆಯೂ ಹೊರಗಿಲ್ಲ. ಮನಾಮಾದ ಪವಿತ್ರ ಹೃದಯದ ದೇವಾಲಯಕ್ಕೆ 1939ರಲ್ಲಿ ಜಾಗ ಕೊಟ್ಟವರು ಬಹರೈನಿನ ಅರಸರು. 2021ರ ಡಿಸೆಂಬರಿನಲ್ಲಿ ಅವಾಲಿಯಲ್ಲಿ ಪ್ರತಿಷ್ಠೆಗೊಂಡ ಪ್ರಧಾನಾಲಯದ ಜಾಗವೂ ಅರಸರ ಕೊಡುಗೆಯೇ. ಬಂದು ಹೋಗುವ ನೌಕರರೇ ಅಲ್ಲಿಯ ಭಕ್ತವೃಂದ. ಕೆಲಸದ ಪರವಾನಗಿ ಮುಗಿದರೆ ಗಾಯನವೃಂದದಲ್ಲಿ ಒಂದು ದನಿ ಕಡಿಮೆಯಾಗುತ್ತದೆ.

ಕಾಲ ಬದಲಾಗಿದೆಯೆಂಬುದು ನಿಜ. ದುಬೈಯ ಜೆಬೆಲ್ ಅಲಿಯಲ್ಲಿ 1985ರಲ್ಲಿ ಮುಕ್ತ ವಲಯ ತೆರೆದು, ಅದರ ಬೇಲಿಯೊಳಗೆ ಪರದೇಶೀಯನಿಗೆ ಪೂರ್ಣ ಒಡೆತನ ಕೊಟ್ಟರು. ಬೇಲಿಯ ಹೊರಗೆ ಆ ಹಕ್ಕು ಬರಲು 36 ವರ್ಷ ಬೇಕಾಯಿತು: 2021ರ ಜೂನ್ 1ರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಬಹುತೇಕ ವ್ಯಾಪಾರಗಳಿಗೆ 51ರ ನಿಯಮ ಇಲ್ಲ. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಧಣಿಯ ಒಪ್ಪಿಗೆ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಹಣವುಳ್ಳವರಿಗೂ ವಿಶೇಷ ಪರಿಣತರಿಗೂ ಹತ್ತು ವರ್ಷದ ‘ಗೋಲ್ಡನ್ ವೀಸಾ’ ಬಂದಿದೆ. ಆದರೂ ಅದು ವಾಸದ ಪರವಾನಗಿ, ಪೌರತ್ವವಲ್ಲ. ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿ, ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಬೆಳೆದ ಮಗನಿಗೂ ನಿಗದಿತ ವಯಸ್ಸು ದಾಟಿದೊಡನೆ ತನ್ನದೇ ವೀಸಾ ಬೇಕಾಗುತ್ತದೆ. ತಂದೆಯ ಪರವಾನಗಿಯಲ್ಲಿ ಅವನನ್ನು ಪಾಲುದಾರನೆಂದು ಸೇರಿಸಬಹುದು, ಅಥವಾ ನೌಕರನೆಂದು ನೇಮಿಸಿಕೊಳ್ಳಬಹುದು. ಮಗನೆಂಬ ಕಾರಣಕ್ಕೆ ಮಾತ್ರ ಅವನು ಅಲ್ಲಿ ಉಳಿಯುವಂತಿಲ್ಲ.