ಕೇರಾಫ್ ಅಂಗಡಿ: ಗೂಡಲೂರಿನ ಲಕೋಟೆಗಳಲ್ಲಿ ಉಳಿದ ಚರಿತ್ರೆ

ನಮ್ಮ ಬ್ಯಾರಿ ಮನೆಗಳಲ್ಲಿ ಜಾಗದ ಕಾಗದ, ಪಾಸ್‌ಪೋರ್ಟ್, ನಿಖಾಹ್ ದಾಖಲೆ ಇವೆಲ್ಲ ಕಪಾಟಿನೊಳಗೆ ಬೀಗದಲ್ಲಿರುತ್ತವೆ. ಗಲ್ಫಿನಿಂದ ಬಂದ ಪತ್ರಗಳ ಕಟ್ಟು ಮಾತ್ರ ಅಟ್ಟ ಸೇರುತ್ತದೆ. ಮನೆ ರಿಪೇರಿಗೆಂದು ಅದನ್ನು ಕೆಳಗಿಳಿಸಿದಾಗ ಪತ್ರವನ್ನಾದರೂ ಯಾರೋ ಒಬ್ಬರು ಓದಿ ಎತ್ತಿಡುತ್ತಾರೆ. ಲಕೋಟೆ ನೇರ ಬಚ್ಚಲ ಒಲೆಗೆ. ಅಂಚೆಚೀಟಿ ಕೂಡಿಡುವ ಮಕ್ಕಳಿದ್ದರೆ ಮೂಲೆಯ ಚೀಟಿಯಷ್ಟನ್ನು ಹರಿದುಕೊಳ್ಳುತ್ತಾರೆ.

ಈ ಬರಹ ಆ ಲಕೋಟೆಯ ಪರವಾಗಿ. ಊರು ಬಿಟ್ಟು ಊರಿಗೆ ಹೋಗಿ ಬದುಕಿದ ನಮ್ಮಂಥವರ ಚರಿತ್ರೆ ಪುಸ್ತಕಗಳಲ್ಲಿ ಕಡಿಮೆ. ಆದರೆ ಲಕೋಟೆಯ ಮೇಲೆ ಊರಿದೆ, ತಾರೀಕಿದೆ, ಹೆಸರಿದೆ, ಸರ್ಕಾರದ್ದೇ ಮೊಹರೂ ಇದೆ.

ಮತ್ತೆ ಆಲ್ಬಂ ಹಿಡಿದದ್ದು

ನಾನು ನೀಲಗಿರಿ ಜಿಲ್ಲೆಯ ಗೂಡಲೂರಿನಲ್ಲಿ ಹುಟ್ಟಿ ಬೆಳೆದವನು. ಉಪ್ಪ ಬಂಟ್ವಾಳ ಕಡೆಯವರು. 1970ರ ದಶಕದಲ್ಲಿ ಮೈಸೂರು, ಗುಂಡ್ಲುಪೇಟೆ ದಾಟಿ, ಕಾಡು ದಾಟಿ ಇಲ್ಲಿಗೆ ಬಂದು ದಿನಸಿ ಅಂಗಡಿ ಹಾಕಿದರು. ಶಾಲೆಯ ದಿನಗಳಲ್ಲಿ ನನಗಿದ್ದ ಅಂಚೆಚೀಟಿಯ ಹುಚ್ಚು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಟೀ ಫ್ಯಾಕ್ಟರಿಯ ಮೆಷಿನ್ ರಿಪೇರಿಗೆ ಸೇರಿದ ಮೇಲೆ ತಾನಾಗಿ ಇಳಿಯಿತು.

ಮತ್ತೆ ಹಿಡಿಸಿದ್ದು 1993ರಲ್ಲಿ ಬಂದ ನಾಲ್ಕು ಚೀಟಿಗಳ ಒಂದು ಸೆಟ್. ಬೆಟ್ಟದ ರೈಲಿನ ಎಂಜಿನ್‌ಗಳದ್ದು. ಅದರಲ್ಲಿ ಒಂದು ನಮ್ಮ ನೀಲಗಿರಿಯ ಎಕ್ಸ್ ಕ್ಲಾಸ್ ಉಗಿ ಎಂಜಿನ್. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದ್ದು, ಎಂಜಿನ್ನಿನ ಹಲ್ಲಿನ ಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಭಾರತದಲ್ಲಿ ಹೀಗೆ ಹತ್ತುವ ರೈಲು ಇದೊಂದೇ. ಆ ಹಳೆಯ ಎಂಜಿನ್‌ಗಳು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ. ಸ್ವತಂತ್ರ ಭಾರತದ ಮೊದಲ ಗಾಂಧಿ ಚೀಟಿಗಳು, ಅಂದರೆ 1948ರ ಆಗಸ್ಟ್ 15ರಂದು ಬಂದ ನಾಲ್ಕು ಚೀಟಿಗಳು, ಅಚ್ಚಾದದ್ದೂ ಅದೇ ದೇಶದ ಕೂರ್ವಾಸಿಯೇ ಮುದ್ರಣಾಲಯದಲ್ಲಿ. ಅವುಗಳ ಮೇಲೆ ‘ಬಾಪು’ ಎಂದು ಹಿಂದಿಯಲ್ಲೂ ಉರ್ದುವಿನಲ್ಲೂ ಬರೆದಿದೆ.

ಚೀಟಿಯ ಅಂಚಿನ ತೂತುಗಳನ್ನು ಅಳೆಯಲು ಒಂದು ಗೇಜ್ ಇದೆ ಎಂದು ಆಗಲೇ ತಿಳಿದದ್ದು. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಎಂಬುದೇ ಲೆಕ್ಕ. ವರ್ಕ್‌ಶಾಪಿನಲ್ಲಿ ಬೋಲ್ಟಿನ ಮರೆ ಅಳೆಯುವ ಪಿಚ್ ಗೇಜಿನ ಚಿಕ್ಕ ತಮ್ಮನ ಹಾಗೆ. ನನ್ನಂಥವನಿಗೆ ಅಷ್ಟು ಸಾಕಾಯಿತು.

ಸಂಗ್ರಹಕಾರರ ಸಂಘಗಳಿಗೆ ನಮ್ಮ ದೇಶದಲ್ಲಿ ದೀರ್ಘ ಚರಿತ್ರೆಯಿದೆ. ಕಲ್ಕತ್ತಾದಲ್ಲಿ 1897ರಲ್ಲೇ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಚೆನ್ನೈಯಲ್ಲಿ 1956ರಿಂದ ದಕ್ಷಿಣ ಭಾರತದ ಸಂಗ್ರಹಕಾರರ ಸಂಘವಿದೆ. ಬೆಂಗಳೂರಿನಲ್ಲಿ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಿದೆ. ಊಟಿಯಲ್ಲಿ ನಾನು ಸೇರಿಕೊಂಡದ್ದು ಹೆಸರೂ ಇಲ್ಲದ ಒಂದು ಕೂಟ. ತಿಂಗಳಿಗೊಂದು ಭಾನುವಾರ ಚೇರಿಂಗ್ ಕ್ರಾಸ್ ಹತ್ತಿರದ ಚಾ ಅಂಗಡಿಯಲ್ಲಿ ಏಳೆಂಟು ಜನ ಸೇರುತ್ತೇವೆ. ನಿವೃತ್ತ ಬಡಗ ಮೇಷ್ಟ್ರೊಬ್ಬರಿದ್ದಾರೆ, ಅವರು ಬಡಗ ಮಾತಿನಲ್ಲಿ ಕೇಳಿದರೆ ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಅರ್ಥವಾಗುತ್ತದೆ. ಮಲಯಾಳಿ ಔಷಧಿ ಅಂಗಡಿಯವರಿದ್ದಾರೆ. ಸಿಲೋನಿನಿಂದ ಬಂದ ಕುಟುಂಬದ ತಮಿಳು ಟೈಲರ್ ಇದ್ದಾರೆ, ಅವರನ್ನು ಎಲ್ಲರೂ ಟೈಲರಣ್ಣ ಎನ್ನುತ್ತೇವೆ. ಗೂಡಲೂರಿನಿಂದ ನಡುವಟ್ಟಂ ಘಾಟಿ ಹತ್ತಿ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಎರಡು ಚಾ ಕುಡಿದು, ಸಂಜೆ ಬಸ್ಸಿಗೆ ಇಳಿಯುವುದು ನನ್ನ ವಾಡಿಕೆ.

ಈ ಕೂಟದಲ್ಲಿ ಹೊಸಬರಿಗೆ ಮೇಷ್ಟ್ರು ಹೇಳುವ ಮೊದಲ ಪಾಠ ಇದು: ಚೀಟಿ ಕೀಳಬೇಡಿ, ಲಕೋಟೆ ಇಡಿ. ಚೀಟಿ ಹೇಳುವುದು ದೇಶ ಮತ್ತು ಬೆಲೆಯನ್ನು ಮಾತ್ರ. ಮುಂದಿನ ಮೊಹರು ಎಲ್ಲಿಂದ, ಯಾವತ್ತು ಹೊರಟಿತು ಎಂದು ಹೇಳುತ್ತದೆ. ಹಿಂದೆ ಮೊಹರಿದ್ದರೆ ಯಾವತ್ತು ತಲುಪಿತು ಎಂದು ಗೊತ್ತಾಗುತ್ತದೆ. ಯಾರು, ಯಾರ ಆಸರೆಯಲ್ಲಿ ಇದ್ದರು ಎಂಬುದನ್ನು ವಿಳಾಸ ಹೇಳುತ್ತದೆ.

ಬೆಟ್ಟಕ್ಕೆ ಬಂದ ಟಪಾಲು

ಅಂಚೆ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಅದು ಮೈಸೂರು ಸಂಸ್ಥಾನದ ಟಪಾಲು ವ್ಯವಸ್ಥೆಯ ಹೆಸರೇ ಆಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಮೈಸೂರು ತನ್ನದೇ ಅಂಚೆಚೀಟಿ ಅಚ್ಚು ಹಾಕಿಸಲಿಲ್ಲ. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ತಮ್ಮ ಅಂಚಲ್‌ಗೆ ಸ್ವಂತ ಚೀಟಿ ತಂದವು. ಹಾಗಾಗಿ ಮೈಸೂರು ಅಂಚೆ ಹುಡುಕುವವರಿಗೆ ಸಿಗುವುದು ಮೊಹರು ಬಿದ್ದ ಪತ್ರ, ಲಕೋಟೆಗಳೇ. ಚೀಟಿಯಷ್ಟೇ ಬೇಕೆನ್ನುವವನಿಗೆ ಎರಡು ಶತಮಾನ ನಡೆದ ಆ ಅಂಚೆಯ ಗುರುತೇ ಸಿಗದು.

ಇತ್ತ ನೀಲಗಿರಿಗೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಹತ್ತಿಬಂದರು. ಅವರ ಹಿಂದೆಯೇ ಊಟಿ ಬೆಳೆಯಿತು, ಮದರಾಸು ಸರ್ಕಾರಕ್ಕೆ ಬೇಸಿಗೆಯ ರಾಜಧಾನಿಯೂ ಆಯಿತು. ರೈಲು ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂತು. ಅದಕ್ಕೆ ಮೊದಲು ಮೆಟ್ಟುಪಾಳಯದಿಂದ ಟಪಾಲು ಹತ್ತುತ್ತಿದ್ದದ್ದು ಟಾಂಗಾದಲ್ಲಿ. ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸೆರೆಸಿಕ್ಕ ಬೋಯರ್ ಕೈದಿಗಳನ್ನು 1901ರ ಹೊತ್ತಿಗೆ ಬ್ರಿಟಿಷರು ಭಾರತಕ್ಕೆ ತಂದಾಗ, ನಮ್ಮ ಬಳ್ಳಾರಿಯಲ್ಲಿ ಇಟ್ಟಂತೆ ವೆಲ್ಲಿಂಗ್ಟನ್, ಕೇತ್ತಿಗಳಲ್ಲೂ ಇಟ್ಟರು. ಆ ಶಿಬಿರಗಳ ಪತ್ರಗಳನ್ನು ಇವತ್ತಿಗೂ ದೇಶ ವಿದೇಶದ ಸಂಗ್ರಹಕಾರರು ಹುಡುಕುತ್ತಾರೆ.

ಗೂಡಲೂರಿನ ಕಥೆ ಸ್ವಲ್ಪ ಬೇರೆ. ಇದು ಹಿಂದೆ ಮಲಬಾರ್ ಜಿಲ್ಲೆಯ ವಯನಾಡಿಗೆ ಸೇರಿತ್ತು, 1877ರಲ್ಲಿ ನೀಲಗಿರಿಗೆ ಬಂತು. ಈಗ ಇಲ್ಲಿಂದ ಒಂದು ದಾರಿ ಊಟಿಗೆ, ಒಂದು ಮುದುಮಲೆ, ಬಂಡೀಪುರದ ಮೂಲಕ ಗುಂಡ್ಲುಪೇಟೆಗೆ, ಒಂದು ಸುಲ್ತಾನ್ ಬತ್ತೇರಿಗೆ, ಮತ್ತೊಂದು ನಾಡುಕಾಣಿ ಘಾಟಿ ಇಳಿದು ನಿಲಂಬೂರಿಗೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ನಮಗೆ 643, ಗುಂಡ್ಲುಪೇಟೆಗೆ 571, ಬತ್ತೇರಿಗೆ 673 ಎಂದು ಮೂರು ರಾಜ್ಯದ ಮೂರು ನಂಬರು ಬಂದವು. ಉಪ್ಪನ ಗಿರಾಕಿಗಳು ಈ ಮೂರೂ ಕಡೆಯವರು.

ತಂತಿಗೆ ಚುಚ್ಚಿದ ಕವರುಗಳು

ಎಸ್ಟೇಟಿನ ಲೈನ್ ಮನೆಗಳು, ಇಲ್ಲಿಯ ಮಾತಿನಲ್ಲಿ ಪಾಡಿಗಳು, ರಸ್ತೆಯಿಂದ ಬಹಳ ಒಳಗಿದ್ದವು. ಆದ್ದರಿಂದ ಅಲ್ಲಿಯವರು ತಮ್ಮ ವಿಳಾಸವನ್ನು ‘ಕೇರಾಫ್’ ಎಂದು ಉಪ್ಪನ ಅಂಗಡಿಗೆ ಕೊಡುತ್ತಿದ್ದರು. ಸಂಬಳದ ದಿನ ದಿನಸಿಗೆ ಬಂದವರು ಪತ್ರವನ್ನೂ ಪಡೆಯುತ್ತಿದ್ದರು. ಓದಲು ಬಾರದವರು ಅಲ್ಲೇ ಯಾರಿಂದಲಾದರೂ ಓದಿಸಿ, ಪತ್ರವನ್ನು ಮಡಚಿ ಜೇಬಿಗಿಟ್ಟು, ಖಾಲಿ ಕವರನ್ನು ಗಲ್ಲಾದ ಹತ್ತಿರ ಬಿಟ್ಟುಹೋಗುತ್ತಿದ್ದರು. ಉಪ್ಪ ಯಾವ ಕಾಗದವನ್ನೂ ಬಿಸಾಡುವವರಲ್ಲ. ಆ ಕವರಿನ ಹಿಂಬದಿಯಲ್ಲೇ ಆ ಗಿರಾಕಿಯ ಸಾಲದ ಲೆಕ್ಕ ಬರೆದು ತಂತಿಗೆ ಚುಚ್ಚುತ್ತಿದ್ದರು.

ಹೀಗೆ ಉಳಿದ ನಾಲ್ಕು ತಂತಿಯ ಕವರುಗಳು ಈಗ ನನ್ನ ಹತ್ತಿರ ಇವೆ. ಮುಂದೆ ಅಬುಧಾಬಿಯ ಮೊಹರು, ಹಿಂದೆ ಉಪ್ಪನ ಕನ್ನಡ ಅಕ್ಷರದಲ್ಲಿ ಅಕ್ಕಿ, ಸೀಮೆಎಣ್ಣೆ, ಒಣಮೀನು. ನಡುವೆ ತಂತಿಯ ತೂತು. ವ್ಯಾಪಾರದ ಲೆಕ್ಕದಲ್ಲಿ ತೂತು ಬಿದ್ದ, ಹಿಂದೆ ಗೀಚಿದ ಕವರಿಗೆ ಬೆಲೆಯೇ ಇಲ್ಲ. ನಮ್ಮ ಕೂಟದಲ್ಲಿ ಮಾತ್ರ ಅಂದು ಚಾ ಆರುವವರೆಗೂ ಯಾರೂ ಲೋಟ ಮುಟ್ಟಲಿಲ್ಲ.

ಹ್ಯಾಟನ್, ಆಗಸ್ಟ್ 1983

ಆ ಕಟ್ಟಿನಲ್ಲಿ ಶ್ರೀಲಂಕಾದ ಕವರುಗಳೂ ಇವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಸಿಲೋನಿನ ಟೀ ತೋಟದ ತಮಿಳರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳಲು ಒಪ್ಪಿತು. ನೂರು ವರ್ಷದ ಹಿಂದೆ ಹೋದವರ ಮೊಮ್ಮಕ್ಕಳು ತಾವು ನೋಡಿಯೇ ಇಲ್ಲದ ಊರಿಗೆ ‘ಮರಳಿ’ ಬಂದರು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ಟೀ ತೋಟ ಬೆಳೆಸಲು ಹೊರಟಿತು, ಅದೇ ಈಗಿನ ಟ್ಯಾನ್‌ಟೀ. ಗೂಡಲೂರು, ಪಂದಲೂರು, ಕೋಟಗಿರಿ ಕಡೆ ಸಾವಿರಾರು ಕುಟುಂಬ ನೆಲೆಯಾದವು. ಒಂದೇ ಮನೆಯ ಅಣ್ಣ ಇಲ್ಲಿ, ತಂಗಿ ಅಲ್ಲಿ ಉಳಿದರು.

ಒಂದು ಕವರನ್ನು ಟೈಲರಣ್ಣ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಮೊಹರು ಹ್ಯಾಟನ್ ಪೇಟೆಯದ್ದು, ಅವರ ತಾಯಿಯ ತೋಟದ ಹತ್ತಿರದ ಊರು. ತಾರೀಕು 1983ರ ಆಗಸ್ಟ್. ಜುಲೈ ಕೊನೆಯಲ್ಲಿ ಕೊಲಂಬೊದಲ್ಲಿ ಹೊತ್ತಿದ ತಮಿಳರ ಮೇಲಿನ ಗಲಭೆ ಬೆಟ್ಟದ ಪೇಟೆಗಳಿಗೂ ಹಬ್ಬಿದ್ದ ದಿನಗಳು. ಹಿಂದೆ ಉಪ್ಪನ ಲೆಕ್ಕ: ಅಕ್ಕಿ, ಸಕ್ಕರೆ, ಬಾಕಿ.

ಟೈಲರಣ್ಣನೇ ವಿಚಾರಿಸಿ ಆ ವಿಳಾಸದವರ ಮಗಳನ್ನು ಪಂದಲೂರು ಕಡೆ ಪತ್ತೆ ಮಾಡಿದರು. ತಂದೆ ತೀರಿಹೋಗಿದ್ದಾರೆ, ಪತ್ರವೂ ಉಳಿದಿಲ್ಲ. ಆದರೆ ಅವರಿಗೆ ಆ ತಿಂಗಳು ಚೆನ್ನಾಗಿ ನೆನಪಿತ್ತು. ತಂಗಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ತಂದೆ ಸಂಜೆ ಸಂಜೆ ಅಂಗಡಿಯವರೆಗೆ ನಡೆದು ಬರಿಗೈಯಲ್ಲಿ ಬರುತ್ತಿದ್ದರಂತೆ. ಒಂದು ದಿನ ಸಕ್ಕರೆ ತಂದರಂತೆ, ಮನೆಯಲ್ಲಿ ಪಾಯಸ ಮಾಡಿದರಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಪತ್ರ ಹೊರಟದ್ದು ಯಾವ ತಾರೀಕು? ಮೊಹರು ಸ್ಪಷ್ಟವಾಗಿತ್ತು, ಓದಿ ಹೇಳಿದೆವು. ಸ್ಕ್ಯಾನ್ ತೆಗೆದುಕೊಂಡು ಕವರನ್ನು ಅವರಿಗೇ ಕೊಟ್ಟೆವು. ಅದರ ಚೀಟಿಗೆ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಯೂ ಸಿಗದು.

ಗಲ್ಫಿನ ಅಂಚೆ, ನಮ್ಮ ಅಂಚೆ

ಇನ್ನು ನಮ್ಮವರ ಗಲ್ಫ್. ದುಬೈಯಲ್ಲಿ ಮೊದಲ ಅಂಚೆ ಕಚೇರಿ 1909ರಲ್ಲಿ ತೆರೆದದ್ದು ಭಾರತದ ಅಂಚೆ ಇಲಾಖೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಹೊಸ ವಿಷಯವಾಗಬಹುದು. ಭಾರತದ ಚೀಟಿಗಳ ಮೇಲೆಯೇ 1923ರಿಂದ ‘ಕುವೈತ್’, 1933ರಿಂದ ‘ಬಹರೈನ್’ ಎಂದು ಅಚ್ಚೊತ್ತಿ ಅಲ್ಲಿ ಮಾರುತ್ತಿದ್ದರು. ಸ್ವಾತಂತ್ರ್ಯದ ನಂತರ, 1948ರಲ್ಲಿ ಅಲ್ಲಿನ ಅಂಚೆ ಬ್ರಿಟಿಷರ ಕೈಗೆ ಹೋಯಿತು. ಆದರೂ ಚೀಟಿಯ ಬೆಲೆ ಆಣೆಯಲ್ಲೇ ಇತ್ತು, ಆಮೇಲೆ ನಯಾಪೈಸೆಯಲ್ಲಿ. ದುಬೈಯ ಅಂಚೆಗಾಗಿ 1961ರಲ್ಲಿ ‘ಟ್ರೂಶಿಯಲ್ ಸ್ಟೇಟ್ಸ್’ ಹೆಸರಿನಲ್ಲಿ ಬಂದ ಚೀಟಿಗಳಲ್ಲಿ ಖರ್ಜೂರದ ಮರ, ಹಾಯಿಹಡಗಿನ ಚಿತ್ರ, ಬೆಲೆ ಮಾತ್ರ ನಯಾಪೈಸೆ, ರೂಪಾಯಿ. ನಮ್ಮ ಹಿರಿಯರು ಅಲ್ಲಿ ಇಳಿಯುವುದಕ್ಕೆ ಬಹಳ ಮೊದಲೇ ನಮ್ಮ ರೂಪಾಯಿ, ನಮ್ಮ ಟಪಾಲು ಅಲ್ಲಿ ಓಡಾಡಿತ್ತು.

ನಮ್ಮ ಶಾಲಾ ದಿನದ ಆಲ್ಬಂಗಳಲ್ಲಿ ಅಜ್ಮಾನ್, ಮನಾಮ, ಉಮ್ಮುಲ್ ಕುವೈನ್ ಹೆಸರಿನ ಬಣ್ಣಬಣ್ಣದ ಚೀಟಿಗಳು ತುಂಬಿರುತ್ತಿದ್ದವು: ಫುಟ್‌ಬಾಲ್, ಚಂದ್ರಯಾನ, ಯುರೋಪಿನ ಚಿತ್ರಕಲೆ. 1960ರ ದಶಕದಿಂದ 1972ರವರೆಗೆ ಏಜೆಂಟರು ಸಂಗ್ರಹಕಾರರಿಗೆಂದೇ ರಾಶಿರಾಶಿ ಅಚ್ಚು ಹಾಕಿಸಿ, ಮೊಹರನ್ನೂ ಮೊದಲೇ ಒತ್ತಿಸಿ ಮಾರಿದ ಮಾಲು ಅದು. ಹೆಚ್ಚಿನವು ಯಾವ ಪತ್ರವನ್ನೂ ಹೊತ್ತು ಹೋದವಲ್ಲ. ಈ ಚಂದದ ಚೀಟಿಗಳ ಪಕ್ಕದಲ್ಲಿ, 1973ರಿಂದ ಬಂದ ಯುಎಇಯ ಸಾದಾ ಚೀಟಿ ಹಚ್ಚಿದ, ಬೆವರಿನ ಕೈ ತಾಗಿದ ನಮ್ಮವರ ಕವರನ್ನು ಇಟ್ಟು ನೋಡಿ. ವಿಳಾಸ ಇಂಗ್ಲಿಷಿನಲ್ಲಿ, ಬರೆದದ್ದು ರೂಮಿನ ಓದಿದ ಹುಡುಗ. ಒಳಗಿನ ಪತ್ರ ಕನ್ನಡದಲ್ಲೋ ಅರಬಿ-ಮಲಯಾಳದಲ್ಲೋ. ಮಾತು ಮಾತ್ರ ಬ್ಯಾರಿ ಬಾಸೆಯದ್ದು. ಗೂಡಲೂರಿನಿಂದ ಘಾಟಿ ಇಳಿದರೆ ಸಿಗುವ ನಿಲಂಬೂರಿನ ಎಸ್.ಎ. ಜಮೀಲ್ ಆ ಕಾಲದ ವಿರಹವನ್ನೇ ‘ದುಬೈ ಕತ್ತ್ ಪಾಟ್ಟ್’ ಮಾಡಿದರು, ಹೆಂಡತಿ ಗಂಡನಿಗೆ ಬರೆದ ಪತ್ರದ ಹಾಡು. ಹಾಡು ಕ್ಯಾಸೆಟ್ಟಿನಲ್ಲಿ ಉಳಿಯಿತು. ಅಂಥ ಪತ್ರಗಳ ಲಕೋಟೆಗಳನ್ನು ಉಳಿಸುವ ಕೆಲಸ ನಮ್ಮದು.

ಅಟ್ಟದ ಪೆಟ್ಟಿಗೆ ಇಳಿಸಿದಾಗ

ತಂತಿ ಸಂದೇಶ 2013ರ ಜುಲೈಯಲ್ಲಿ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಕೈಯಲ್ಲಿ ಬರೆದ ವಿಳಾಸ ಇನ್ನು ಹೆಚ್ಚಾಗಿ ಹುಟ್ಟುವುದಿಲ್ಲ, ಇರುವುದನ್ನೇ ಕಾಪಾಡಬೇಕು. ಕೂಟದವರಿಂದ ಕಲಿತ ಕೆಲವು ಮಾತು ಹೇಳುತ್ತೇನೆ.

ಚೀಟಿಯನ್ನು ಕೀಳಬೇಡಿ, ನೀರಿಗೆ ಹಾಕಬೇಡಿ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಕಾಗದವನ್ನು ಹಳದಿ ಮಾಡುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿ, ತುಕ್ಕು ಹಿಡಿದ ಪಿನ್ ತೆಗೆಯಿರಿ. ನಮ್ಮ ಕರಾವಳಿ, ಮಲೆನಾಡಿನ ತೇವಕ್ಕೆ ಪ್ಲಾಸ್ಟಿಕ್ ಚೀಲಕ್ಕಿಂತ ಒಣಗಿದ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಎರಡೂ ಬದಿಯ ಫೋಟೋ ತೆಗೆಯಿರಿ. ಮನೆಯ ಹಿರಿಯರು ಇರುವಾಗಲೇ ಇದು ಯಾರು ಬರೆದದ್ದು, ಯಾವ ಕೆಲಸದಲ್ಲಿದ್ದರು ಎಂದು ಕೇಳಿ ಬೇರೆ ಕಾಗದದಲ್ಲಿ ಬರೆದಿಡಿ. ಒಳಗಿನ ಪತ್ರ ಮನೆಯವರ ಸ್ವಂತದ್ದು, ಕೇಳದೆ ಯಾರಿಗೂ ತೋರಿಸಬೇಡಿ.

ಗೂಡಲೂರಿನಲ್ಲಿ ಇದಕ್ಕೆ ಇನ್ನೊಂದು ತೂಕವೂ ಇದೆ. ಇಲ್ಲಿಯ ಬಹುಪಾಲು ನೆಲ ನಿಲಂಬೂರು ಕೋವಿಲಗಂನ ಜನ್ಮಂ ಭೂಮಿಯಾಗಿತ್ತು. ಜನ್ಮಂ ರದ್ದು ಮಾಡುವ ಕಾಯಿದೆ 1969ರಲ್ಲೇ ಬಂದರೂ ಪಟ್ಟಾ ಸಿಗದ ಕುಟುಂಬಗಳು ಇಂದಿಗೂ ಸಾವಿರಾರು. ಹಳೆಯ ಲಕೋಟೆ ಪಟ್ಟಾ ಆಗುವುದಿಲ್ಲ, ಅದು ಗೊತ್ತು. ಆದರೆ ‘ನೀವು ಯಾವಾಗ ಬಂದಿರಿ’ ಎಂದು ಯಾರಾದರೂ ಕೇಳಿದಾಗ, ಈ ಹೆಸರಿನವರಿಗೆ ಈ ಅಂಗಡಿಯ ಕೇರಾಫ್‌ನಲ್ಲಿ ಈ ದಿನ ಪತ್ರ ಬಂದಿತ್ತು ಎಂದು ತೋರಿಸಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಉಪ್ಪನ ನಾಲ್ಕು ತಂತಿಗಳಲ್ಲಿ ಎರಡರ ಪಟ್ಟಿ ಮುಗಿದಿದೆ. ಕೂಟದ ಮುಂದಿನ ಭಾನುವಾರಕ್ಕೆ ಮೂರನೆಯದನ್ನು ಬಿಚ್ಚುತ್ತೇವೆ. ಗೂಡಲೂರು, ದೇವಾಲ, ಪಂದಲೂರು, ಮಸಿನಗುಡಿ ಕಡೆ ದುಡಿದ ನಿಮ್ಮ ಮನೆಯ ಹಿರಿಯರಿದ್ದರೆ ಒಮ್ಮೆ ಅವರನ್ನು ಕೇಳಿ, ಅವರ ಪತ್ರ ಯಾವ ಅಂಗಡಿಯ ಕೇರಾಫ್‌ಗೆ ಬರುತ್ತಿತ್ತು ಎಂದು.