ಸಾಲೋಟಗಿಯ ಶಾಲೆ: ದಾತೃ, ದೇಗುಲ ಮತ್ತು ಊರು

ಪ್ರಾಚೀನ ಕರ್ನಾಟಕದಲ್ಲಿ ಉನ್ನತ ಶಿಕ್ಷಣವು ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನ ಹಾಗೂ ಮಠಗಳನ್ನು ಆಶ್ರಯಿಸಿ ಬೆಳೆಯಿತು. ಇಂತಹ ವಿದ್ಯಾಕೇಂದ್ರವೊಂದರ ಹುಟ್ಟನ್ನೂ ಅದರ ಆದಾಯದ ಮೂಲಗಳನ್ನೂ ಒಟ್ಟಿಗೆ ತಿಳಿಸುವ ಅಪೂರ್ವ ದಾಖಲೆಯೆಂದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ.

ಶಾಸನದ ಕಾಲ ಶಕವರ್ಷ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ತ್ರಯೀಪುರುಷರ, ಎಂದರೆ ಬ್ರಹ್ಮ, ವಿಷ್ಣು, ಮಹೇಶ್ವರರ ಸನ್ನಿಧಿಯಲ್ಲಿ ಶಾಲೆಯನ್ನು ಕಟ್ಟಿಸಿದನು. ಊರಿನ ಅಂದಿನ ಹೆಸರು ಪಾವಿಟ್ಟಗೆ. ಅದಕ್ಕೆ 'ಶಾಲೆ' ಸೇರಿ ಇಂದಿನ ಹೆಸರು ರೂಪುಗೊಂಡಿತೆಂಬುದು ವಿದ್ವಾಂಸರ ಅಭಿಪ್ರಾಯ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಇಲ್ಲಿ ನೆಲೆಸಿದ್ದರು. ಅವರಿಗಾಗಿ 500 ನಿವರ್ತನ ಭೂಮಿಯನ್ನೂ 27 ಮನೆಗಳನ್ನೂ ಬಿಡಲಾಯಿತು. ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಮೀಸಲಾಯಿತು.

ಇವುಗಳಿಗಿಂತ ಮುಖ್ಯವಾದುದು ಊರಿನ ಪಾಲು. ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯಗಳು ಶಾಲೆಗೆ ಸಲ್ಲಬೇಕಾಗಿದ್ದವು. ಉಪನಯನದ ಉಲ್ಲೇಖವೇ ಈ ವ್ಯವಸ್ಥೆ ಬ್ರಾಹ್ಮಣ ಸಮುದಾಯದ ಸುತ್ತ ರೂಪುಗೊಂಡಿತ್ತೆಂಬುದನ್ನು ಸೂಚಿಸುತ್ತದೆ. ಇದು ಸಂಸ್ಥೆಯ ಮಿತಿಯೂ ಹೌದು. ಆದರೂ ಮನೆಮನೆಯ ಶುಭಕಾರ್ಯ ವಿದ್ಯಾಪೋಷಣೆಯ ಮೂಲವಾದುದು ಗಮನಾರ್ಹ.

ಪ್ರಭುತ್ವ ಮತ್ತು ಧರ್ಮಗಳ ಇಂತಹ ಕೂಡಿಕೆ ಅನ್ಯತ್ರವೂ ಕಂಡುಬರುತ್ತದೆ. ಇಟಲಿಯ ಫೆರಾರಾ ವಿಶ್ವವಿದ್ಯಾಲಯವು 1391ರಲ್ಲಿ ಅಲ್ಲಿನ ಪ್ರಭು, ಎಸ್ತೆ ಮನೆತನದ ಆಲ್ಬರ್ತೊ ಪೋಪ್ ಒಂಬತ್ತನೆಯ ಬೋನಿಫೇಸನಿಂದ ಪಡೆದ ಅನುಮತಿಯಿಂದ ಸ್ಥಾಪನೆಗೊಂಡಿತು. ಪೋಪನ ಅನುಮತಿ ಅಲ್ಲಿನ ಪದವಿಗಳಿಗೆ ಮಾನ್ಯತೆ ನೀಡಿತು. ಸಾಲೋಟಗಿಯ ಶಾಸನದಲ್ಲಿ ಪದವಿಯ ಮಾತಿಲ್ಲ. ಆದುದರಿಂದ ಅದನ್ನು ಆ ಅರ್ಥದಲ್ಲಿ ವಿಶ್ವವಿದ್ಯಾಲಯವೆನ್ನುವುದು ಉಚಿತವಲ್ಲ. ಇಲ್ಲಿ ದೇವರ ಸನ್ನಿಧಿಯು ದಾನಕ್ಕೆ ಧಾರ್ಮಿಕ ರಕ್ಷಣೆಯನ್ನು ಒದಗಿಸಿತು.

ಕ್ರಿ.ಶ. 973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನಿಂದ ರಾಷ್ಟ್ರಕೂಟರ ಆಳ್ವಿಕೆ ಕೊನೆಗೊಂಡಿತು. ಆದರೆ ಜೀರ್ಣವಾಗಿದ್ದ ಶಾಲೆಯನ್ನು 11ನೆಯ ಶತಮಾನದಲ್ಲಿ ಸ್ಥಳೀಯ ಅರಸನೊಬ್ಬನು ಮತ್ತೆ ಕಟ್ಟಿಸಿದನು. ಸ್ಥಾಪಿಸಿದ ಪ್ರಭುತ್ವ ಅಳಿದರೂ ಶಾಲೆ ಬೇಡವೆನಿಸಲಿಲ್ಲ. ಮಂತ್ರಿಯ ದಾನದಿಂದ ಹುಟ್ಟಿದ ಸಂಸ್ಥೆಯನ್ನು ನೆಲದ ಆದಾಯ, ಊರಿನ ಕಾಣಿಕೆ, ಉತ್ತರಕಾಲೀನರ ಜೀರ್ಣೋದ್ಧಾರ ಇವು ಮುಂದಿನ ತಲೆಮಾರುಗಳಿಗೆ ದಾಟಿಸಿದವು. ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಸ್ಥಾಪಕರ ಹೆಸರಿನಲ್ಲಷ್ಟೇ ಅಲ್ಲದೆ ಅವನ್ನು ಉಳಿಸಿದವರ ಲೆಕ್ಕದಲ್ಲಿಯೂ ಓದಬೇಕೆಂಬುದನ್ನು ಈ ಶಾಸನ ಮನಗಾಣಿಸುತ್ತದೆ.