‘ಎಂಬ ಮಟ್ಟು’

ಕಂಪನಿ ನಾಟಕಗಳ ಹಳೆಯ ಹಾಡಿನ ಪುಸ್ತಕ ಸಿಕ್ಕಿದಾಗ ನಾನು ಮೊದಲು ನೋಡುವುದು ಹಾಡನ್ನಲ್ಲ, ಅದರ ನೆತ್ತಿಯ ಮೇಲಿರುವ ಸಣ್ಣಕ್ಷರದ ಸಾಲನ್ನು. ರಾಗ, ತಾಳ, ಆಮೇಲೆ ಇನ್ನಾವುದೋ ಹಾಡಿನ ಮೊದಲ ಎರಡು ಪದ, ಕೊನೆಗೆ ‘ಎಂಬ ಮಟ್ಟು’. ಸ್ವರಲಿಪಿ ಇರುವುದಿಲ್ಲ. ಆಗ ಅದು ಬೇಕಾಗಿಯೂ ಇರಲಿಲ್ಲ. ಆ ಇನ್ನೊಂದು ಹಾಡು ತ್ಯಾಗರಾಜರ ಕೃತಿಯೋ, ಮರಾಠಿ ನಾಟಕದ ಪದವೋ, ಪಾರ್ಸಿ ಕಂಪನಿಯವರಿಂದ ಬಂದ ಹಿಂದೂಸ್ತಾನಿ ಧಾಟಿಯೋ ಆಗಿರುತ್ತಿತ್ತು. ಟಿಕೆಟ್ಟು ಕೊಂಡವರಿಗೆಲ್ಲ ಅದು ಬಾಯಿಪಾಠ ಎಂದು ಪುಸ್ತಕ ಅಚ್ಚು ಹಾಕಿದವರು ನಂಬಿದ್ದರು. ಆ ಹಾಡು ಮರೆತುಹೋದಾಗ ಇದೂ ಮೂಕವಾಯಿತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಬೀದಿಬೀದಿ ಮಾರುತ್ತಿದ್ದ ಲಾವಣಿ ಹಾಳೆಗಳಲ್ಲೂ ಇದೇ ಪದ್ಧತಿ ಇತ್ತು. ಅಲ್ಲಿನ ವಿದ್ವಾಂಸರೂ ಇದೇ ಗಂಟು ಬಿಡಿಸುತ್ತ ಕೂತಿದ್ದಾರೆ ಎನ್ನುವುದೊಂದು ಸಮಾಧಾನ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದರ ಚರಿತ್ರೆ ಬರೆಯುವವರು ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದನ್ನು ಬಿಡುವುದಿಲ್ಲ. ಹಾಡು ಕಟ್ಟಿದವರಿಗೆ ಅಷ್ಟು ಜಾಗ ಸಿಗುವುದಿಲ್ಲ. ಆನೆ ದೊಡ್ಡದು, ದೂರದಿಂದಲೇ ಕಾಣುತ್ತದೆ. ತುಮಕೂರಿಗೆ ಹತ್ತಿರದ ಬೆಳ್ಳಾವಿಯವರಾದ ಬೆಳ್ಳಾವೆ ನರಹರಿ ಶಾಸ್ತ್ರಿಗಳನ್ನೇ ನೋಡಿ. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದವರು, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಹಾಡು ಕೊಟ್ಟವರು. ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ ಆ ಸಿನಿಮಾದ ಪ್ರತಿ ಇಂದು ಉಳಿದಿಲ್ಲ. ಕನ್ನಡ ತೆರೆ ಮೊದಲು ಹಾಡಿದ್ದು ಒಬ್ಬ ತುಮಕೂರು ಸೀಮೆಯವರ ಮಾತನ್ನು. ಹೇಗೆ ಹಾಡಿತೆಂದು ಚಿತ್ರ ನೋಡಿ ತಿಳಿಯುವ ದಾರಿ ಮುಚ್ಚಿದೆ.

ಹಾಗಾದರೆ ಮಟ್ಟು ಎಲ್ಲಿ ಉಳಿದಿದೆ? ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರು ಒಂದಿಷ್ಟನ್ನು ಆಧುನಿಕ ರಂಗಭೂಮಿಗೆ ದಾಟಿಸಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಒಂದಿಷ್ಟನ್ನು ಹಾಡಿ ಹೊಸಬರ ಕಿವಿಗೆ ಹಾಕಿದರು. ಮಿಕ್ಕಿದ್ದು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿದೆ. ಇಲ್ಲಿ ಪಾತ್ರಕ್ಕೆ ನಟನೇ ದುಡ್ಡು ಕಟ್ಟುತ್ತಾನೆ; ಕೃಷ್ಣ, ದುರ್ಯೋಧನ ದುಬಾರಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಕೂತು ಬೇಸಾಯದವರಿಗೆ, ಆಟೋದವರಿಗೆ ಕಂದಪದ್ಯ ಕಲಿಸುತ್ತಾರೆ. ಆಟ ಬೆಳಗಿನವರೆಗೆ ನಡೆಯುತ್ತದೆ.

ನಾನು ಹೇಳಬೇಕೆಂದಿರುವ ಅಭಿಮಾನಿಗಳು ಕೃಷ್ಣನ ಪ್ರವೇಶಕ್ಕೆ ಸಿಳ್ಳೆ ಹೊಡೆಯುವವರಲ್ಲ. ರಾತ್ರಿ ಮೂರರ ಮೇಲೆ ಬರುವ ವಿದುರನ ಒಂದು ಪದಕ್ಕೋ ಉತ್ತರೆಯ ನಾಲ್ಕು ಸಾಲಿಗೋ ಕಂಬಳಿ ಹೊದ್ದು ಕಾಯುವವರು. ಹೊತ್ತಾಯಿತೆಂದು ಮೇಷ್ಟ್ರು ಆ ಪದ ಹಾರಿಸಿದರೆ ಎದ್ದು ನಿಂತು ಜಗಳ ತೆಗೆಯುತ್ತಾರೆ. ಕುಣಿಗಲ್ ಹತ್ತಿರದ ಅಂಥ ಹಿರಿಯರೊಬ್ಬರ ನೋಟ್‌ಬುಕ್ಕಿನಲ್ಲಿ ಹಾಡುಗಳೇ ಇಲ್ಲ, ಬರೀ ಮಟ್ಟುಗಳಿವೆ. ‘ಪದ ಪುಸ್ತಕದಾಗೆ ಸಿಗ್ತದೆ ಕಣಪ್ಪ, ಇದು ಸಿಗಲ್ಲ’ ಅಂದರು.

ಅದರಿಂದ ನನಗೆ ತಿಳಿದ ಒಂದು ಸಂಗತಿ: ಒಂದೇ ಪದಕ್ಕೆ ಗುಬ್ಬಿ ಕಡೆ ಒಂದು ಮಟ್ಟು, ಕುಣಿಗಲ್ ಕಡೆ ಇನ್ನೊಂದು. ಎರಡೂ ಕಡೆಯವರು ಎದುರಿನವರದ್ದು ಸಿನಿಮಾ ಧಾಟಿ ಎಂದು ಮೂಗು ಮುರಿಯುತ್ತಾರೆ. ಅನೇಕ ಸಲ ಇಬ್ಬರ ಮಾತೂ ನಿಜ. ಸೂಚಿಸಿದ ಹಳೆಯ ಹಾಡು ಊರಿಗೇ ಮರೆತಾಗ ಮೇಷ್ಟ್ರು ಎಲ್ಲರಿಗೂ ಗೊತ್ತಿದ್ದ ಸಿನಿಮಾ ಹಾಡನ್ನು ಆ ಜಾಗಕ್ಕೆ ಕೂರಿಸಿದರು. ನಮ್ಮ ವಿಭಾಗಗಳಲ್ಲಿ ಇದನ್ನು ಕಲಬೆರಕೆ ಎನ್ನುವುದುಂಟು. ನನಗೆ ಒಪ್ಪಿಗೆಯಿಲ್ಲ. ಜನರಿಗೆ ಗೊತ್ತಿರುವ ಹಾಡಿನ ಹಾಗೆ ಹಾಡಿ ಎಂಬುದೇ ತಾನೆ ಆ ಸಣ್ಣಕ್ಷರದ ಸಾಲಿನ ಅರ್ಥ? ಮೇಷ್ಟ್ರು ಅದನ್ನು ಪಾಲಿಸಿದರು. ಹಾಗೆ ಪಾಲಿಸಿದ್ದರಿಂದಲೇ ಮೊದಲಿನ ಮಟ್ಟು ಕಳೆಯಿತು ಎನ್ನುವುದೂ ಅಷ್ಟೇ ನಿಜ, ಅದು ನನಗೆ ಸಂಕಟದ ವಿಷಯವೇ.

ಈಗ ನನ್ನ ಮುಂದೆ ಎರಡು ಪುಸ್ತಕಗಳಿವೆ. ಇದರ ಹಾಡಿಗೆ ಅದರದು ಮಟ್ಟು, ಅದರ ಹಾಡಿಗೆ ಇದರದು! ತೋರಿಸಿದಾಗ ಹಿರಿಯರು ನಕ್ಕು, ಕೆಮ್ಮಿ, ಪಲ್ಲವಿ ಹಾಡಿದರು. ಫೋನಿನಲ್ಲಿ ಹಿಡಿದುಕೊಂಡೆ; ಒಂದು ನಿಮಿಷವೂ ಇಲ್ಲ. ಚರಣದ ಏರು ನೆನಪಾಗಲಿಲ್ಲ. ಗುಬ್ಬಿ ಕಡೆ ಒಬ್ಬರು ಮೇಷ್ಟ್ರಿಗೆ ಬರುತ್ತಿತ್ತು, ಕಣ್ಣು ಕಾಣಲ್ಲ, ಗಂಟಲು ಇನ್ನೂ ಇದೆ, ಬೇಗ ಹೋಗು ಅಂದರು.